ಮಳೆಗಾಲದ ಬೆಳಗ್ಗೆ ಲಾಸ್ ವೇಗಸ್ ಪೋಕರ್: ಕೊಡಗಿನ ಮನೆಯಲ್ಲಿ ಕೂತು ನೋಡೋದು ಹೇಗೆ

ನಮ್ಮ ಟಿವಿ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಕಾಫಿ ಮಾರಿದ ರಸೀದಿಯ ಹಿಂಬದಿ. ಅದರಲ್ಲಿ ಬರೆದಿರೋದು ಎರಡೇ ಸಾಲು. "ಅಲ್ಲಿ ಮಧ್ಯಾಹ್ನ 12, ಇಲ್ಲಿ ರಾತ್ರಿ 12.30. ಅಲ್ಲಿ ಸಂಜೆ 6, ಇಲ್ಲಿ ಬೆಳಗ್ಗೆ 6.30." ಅಲ್ಲಿ ಅಂದರೆ ಅಮೆರಿಕದ ಲಾಸ್ ವೇಗಸ್. ಇಲ್ಲಿ ಅಂದರೆ ಮಾದಾಪುರದ ಹತ್ತಿರದ ನಮ್ಮ ಮನೆ. ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನೋ ಅಲ್ಲಿಯ ದೊಡ್ಡ ಇಸ್ಪೀಟ್ ಪಂದ್ಯಾವಳಿ ನೋಡಬೇಕು ಅನ್ನೋರು ಬೇರೆಲ್ಲಾ ಆಮೇಲೆ, ಮೊದಲು ಈ ಚೀಟಿ ಬರೆದುಕೊಳ್ಳಿ.

ನಾನು ಇದಕ್ಕೆ ಕೈ ಹಾಕಿದ್ದು ಮಾವನಿಗಾಗಿ. ಅವರಿಗೆ ಈಗ 79. ವಾರಕ್ಕೆ ಮೂರು ಸಂಜೆ ಇಸ್ಪೀಟ್ ಆಡೋಕೆ ಹೋಗುತ್ತಿದ್ದವರು. ರಮ್ಮಿಯೂ ಆಡುತ್ತಿದ್ದರು, ಆದರೆ ಇಪ್ಪತ್ತೆಂಟು ಅನ್ನೋ ಆಟ ಅಂದರೆ ಪ್ರಾಣ. ಮಂಡಿ ನೋವು ಜಾಸ್ತಿಯಾದ ಮೇಲೆ ಜೂನ್‌ನಿಂದ ಆಗಸ್ಟ್ ತನಕ ಅವರು ಅಂಗಳ ದಾಟೋದೇ ಇಲ್ಲ. ಮೆಟ್ಟಿಲ ಮೇಲೆ ಪಾಚಿ, ಕಾಲಿಟ್ಟರೆ ಜಾರುತ್ತೆ. ಜೊತೆಗೆ ಆಡುತ್ತಿದ್ದ ನಾಲ್ವರಲ್ಲಿ ಇಬ್ಬರು ಈಗಿಲ್ಲ. ಸೋಫಾದಲ್ಲಿ ಕೂತು ಒಬ್ಬರೇ ಎಲೆ ಕಲೆಸಿ ಕಲೆಸಿ ಇಡುತ್ತಿದ್ದರು. ಅದನ್ನು ನೋಡೋಕೆ ನನ್ನಿಂದ ಆಗಲಿಲ್ಲ. ಹಾಗೆ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಈ ಪೋಕರ್. ನಮ್ಮ ಮಳೆ ಹಿಡಿಯೋ ಹೊತ್ತಿಗೇ ಅವರ ಆಟವೂ ಶುರುವಾಗುತ್ತೆ, ಮಳೆಗಾಲಕ್ಕೆ ಅಂತಲೇ ಹೇಳಿ ಮಾಡಿಸಿದ ಹಾಗೆ.

ಸೀರೀಸ್ ಶುರುವಾಗಿದ್ದು 1970ರಲ್ಲಿ, ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಅನ್ನೋ ಜಾಗದಲ್ಲಿ. ಆ ವರ್ಷ ಗೆದ್ದವರು ಯಾರು ಅಂತ ಆಟಗಾರರೇ ವೋಟು ಹಾಕಿ ಜಾನಿ ಮಾಸ್ ಅವರನ್ನು ಆರಿಸಿದ್ದರು. ಈಗ ಅದು ಏಳು ವಾರದ ಜಾತ್ರೆ. 2025ರಲ್ಲಿ ಮೇ 27ರಿಂದ ಜುಲೈ 16ರ ತನಕ ನಡೆಯಿತು, 100 ಪಂದ್ಯ. ಗೆದ್ದವರಿಗೆ ಹಣದ ಜೊತೆ ಒಂದು ಚಿನ್ನದ ಬ್ರೇಸ್‌ಲೆಟ್ ಕೊಡುತ್ತಾರೆ. ನೂರನ್ನೂ ನೋಡೋಕೆ ಹೋಗಬೇಡಿ, ತಲೆ ಕೆಡುತ್ತೆ. ನಿಮಗೆ ಬೇಕಾದ್ದು ಕೊನೆಗೆ ಬರೋ ಮೇನ್ ಇವೆಂಟ್. ಅದಕ್ಕೆ ಕೂರಬೇಕಾದರೆ 10,000 ಡಾಲರ್ ಕಟ್ಟಬೇಕು, ನಮ್ಮ ಲೆಕ್ಕದಲ್ಲಿ ಎಂಟು ಲಕ್ಷಕ್ಕೂ ಮೇಲೆ. ಅಷ್ಟು ಕಟ್ಟಿ 2025ರಲ್ಲಿ ಕೂತವರು 9,735. ಹಿಂದಿನ ವರ್ಷ 10,112. ಕೊನೆಗೆ ಒಂದು ಮೇಜು, ಒಂಬತ್ತು ಜನ ಉಳಿಯುತ್ತಾರೆ. ಅದೇ ಫೈನಲ್ ಟೇಬಲ್.

ದಿನಾಂಕವನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ನೋಡಿ. 2008ರಿಂದ 2016ರ ತನಕ ಫೈನಲ್ ಟೇಬಲ್ ಅನ್ನು ಜುಲೈನಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ಬಿಟ್ಟು ಆಡಿಸುತ್ತಿದ್ದರು, ನವೆಂಬರ್ ನೈನ್ ಅಂತ ಅದಕ್ಕೆ ಹೆಸರೇ ಬಿದ್ದಿತ್ತು. ಹೋದ ವರ್ಷ ಹೀಗಿತ್ತು ಅಂತ ನಂಬಿ ಕೂರಬೇಡಿ. ಮೇ ತಿಂಗಳಲ್ಲಿ ಸೀರೀಸ್‌ನವರದ್ದೇ ವೆಬ್‌ಸೈಟ್ ತೆಗೆದು, ವೇಳಾಪಟ್ಟಿ ನೋಡಿ, ನಾಲ್ಕೈದು ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಾನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನದ ಪಕ್ಕದಲ್ಲೇ ಹಾಕುತ್ತೇನೆ, ಕಣ್ಣಿಗೆ ಬೀಳುತ್ತೆ. ಒಂದು ವಿಷಯ ನೆನಪಿರಲಿ. ಅಲ್ಲಿಯ ಜುಲೈ 15ರ ಮಧ್ಯಾಹ್ನ ನಮಗೆ 16ನೇ ತಾರೀಕಾಗಿರುತ್ತೆ. ಮೊದಲ ವರ್ಷ ಇದನ್ನು ಮರೆತು ನಾವು ಒಂದು ದಿನ ಮೊದಲೇ ಕೂತಿದ್ದೆವು.

ಇನ್ನು ಎಲ್ಲಿ ನೋಡೋದು? ಡಿಶ್‌ನಲ್ಲಿ ಚಾನೆಲ್ ಹುಡುಕುತ್ತಾ ಕೂರಬೇಡಿ. ಅಮೆರಿಕದಲ್ಲಿ ಇದು ಬಹಳ ವರ್ಷ ಇಎಸ್‌ಪಿಎನ್‌ನಲ್ಲಿ ಬರುತ್ತಿತ್ತು, 2021ರಲ್ಲಿ ಸಿಬಿಎಸ್ ಸ್ಪೋರ್ಟ್ಸ್‌ಗೆ ಹೋಯಿತು. ಅಲ್ಲಿಯ ಟಿವಿ ಹಕ್ಕು ಅಲ್ಲಿಯವರಿಗೆ. ನಮಗೆ ಇರೋದು ಇಂಟರ್ನೆಟ್ ದಾರಿ, ಅದರಲ್ಲಿ ಎರಡು ಕವಲು. ಒಂದು ಯೂಟ್ಯೂಬ್. ಸೀರೀಸ್‌ನವರದ್ದೇ ಚಾನೆಲ್ ಇದೆ, ಪೋಕರ್‌ಗೋ ಅನ್ನೋರ ಚಾನೆಲ್ ಕೂಡ ಇದೆ. ದುಡ್ಡು ಕೊಡಬೇಕಿಲ್ಲ. ಇನ್ನೊಂದು ಪೋಕರ್‌ಗೋದವರದ್ದೇ ಆ್ಯಪ್, 2017ರಲ್ಲಿ ಶುರುವಾಗಿದ್ದು, ಚಂದಾ ಕಟ್ಟಬೇಕು. ಡಾಲರ್‌ನಲ್ಲಿ ಕಟ್ಟಬೇಕಾದ್ದರಿಂದ ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ಪಾವತಿ ಆನ್ ಇರಬೇಕು. ಬ್ಯಾಂಕಿನ ಆ್ಯಪ್‌ನಲ್ಲೇ ಆನ್ ಮಾಡಬಹುದು, ಕಟ್ಟಿದ ಮೇಲೆ ಮರೆಯದೆ ಆಫ್ ಮಾಡಿ. ತಿಂಗಳ ಚಂದಾ ಸಾಕು, ವರ್ಷದ್ದು ಬೇಡ. ತಾನಾಗೇ ಮುಂದುವರಿಯೋದನ್ನೂ ಅದೇ ದಿನ ನಿಲ್ಲಿಸಿಬಿಡಿ, ಕಟ್ಟಿದ ತಿಂಗಳು ಪೂರ್ತಿ ನೋಡೋಕೆ ತೊಂದರೆ ಇಲ್ಲ. ಹೊಸಬರು ಮೊದಲ ವರ್ಷ ಯೂಟ್ಯೂಬಿನಲ್ಲೇ ನೋಡಿ ಅಂತ ನಾನು ಹೇಳುತ್ತೇನೆ. ರುಚಿ ಹತ್ತಿದರೆ ಆಮೇಲೆ ಚಂದಾ ನೋಡಿಕೊಳ್ಳಬಹುದು, ಅಲ್ವಾ?

ಯೂಟ್ಯೂಬಿನಲ್ಲಿ ಹುಷಾರಾಗಿರಬೇಕಾದ್ದು ನಕಲಿ ಲೈವ್‌ಗಳ ಬಗ್ಗೆ. ದೊಡ್ಡ ಪಂದ್ಯ ನಡೆಯೋ ವಾರದಲ್ಲಿ ಹಳೇ ವಿಡಿಯೋಗೆ ಲೈವ್ ಅಂತ ಹಣೆಪಟ್ಟಿ ಹಚ್ಚಿ ಹಾಕಿರುತ್ತಾರೆ, ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಬೇಡಿ. ಚಾನೆಲ್ ಹೆಸರಿನ ಪಕ್ಕದ ಟಿಕ್ ಗುರುತು ನೋಡಿ, ಚಂದಾದಾರರ ಸಂಖ್ಯೆ ನೋಡಿ. ಒಮ್ಮೆ ಸರಿಯಾದ ಚಾನೆಲ್ ಸಿಕ್ಕಿತು ಅಂದರೆ ಸಬ್‌ಸ್ಕ್ರೈಬ್ ಮಾಡಿಟ್ಟುಕೊಳ್ಳಿ, ಮತ್ತೆ ಹುಡುಕೋ ಕೆಲಸ ಇರಲ್ಲ. ಆದರೆ ಗಂಟೆಯ ಗುರುತನ್ನು ಮಾತ್ರ ಮುಟ್ಟಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಟಿವಿ ಪರದೆಗೆ ತರೋದು ಕಷ್ಟವಲ್ಲ. ಬೇಸಿಗೆಯಲ್ಲಿ ಕೊಡವ ಕೌಟುಂಬಿಕ ಹಾಕಿಯನ್ನು ಯೂಟ್ಯೂಬಿನಿಂದ ಟಿವಿಯಲ್ಲಿ ನೋಡಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ದಾರಿ ಅದೇ. ಸ್ಮಾರ್ಟ್ ಟಿವಿ ಇದ್ದರೆ ಯೂಟ್ಯೂಬ್ ಅದರಲ್ಲೇ ಇರುತ್ತೆ. ಇಲ್ಲದಿದ್ದರೆ ಟಿವಿ ಹಿಂದೆ ಎಚ್‌ಡಿಎಂಐ ತೂತು ಇದೆಯಾ ನೋಡಿ. ಇದ್ದರೆ ಒಂದು ಸ್ಟಿಕ್ ಸಾಕು, ಅಥವಾ ಲ್ಯಾಪ್‌ಟಾಪ್‌ನಿಂದ ಕೇಬಲ್ ಎಳೆಯಿರಿ. ಫೋನಿನಿಂದ ಕಳಿಸೋದಾದರೆ ಫೋನ್ ಮತ್ತು ಟಿವಿ ಎರಡೂ ಒಂದೇ ವೈಫೈನಲ್ಲಿರಬೇಕು. ಪೋಕರ್ ದೊಡ್ಡ ಪರದೆಯಲ್ಲೇ ನೋಡಬೇಕು. ಎಲೆಗಳು ಚಿಕ್ಕದಾಗಿ ಕಾಣುತ್ತವೆ, ವಯಸ್ಸಾದ ಕಣ್ಣಿಗೆ ಫೋನಿನಲ್ಲಿ ಆಟೀನ್ ಯಾವುದು ಡೈಮನ್ ಯಾವುದು ಗೊತ್ತಾಗಲ್ಲ.

ಈಗ ನಮ್ಮೂರಿನ ಮುಖ್ಯ ತೊಂದರೆಗೆ ಬರೋಣ. ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಹಾಗಾಗಿ ಇನ್ವರ್ಟರ್ ಲೈನ್‌ಗೆ ಟಿವಿ ಪ್ಲಗ್ ಸೇರಿಸಿಕೊಳ್ಳಿ. ಅದಕ್ಕಿಂತ ಮುಖ್ಯವಾದ್ದು ರೌಟರ್. ನಮ್ಮಲ್ಲಿ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗೋ ಆ ಒಂದು ಕ್ಷಣಕ್ಕೆ ರೌಟರ್ ಆಫ್ ಆಗಿ, ಮತ್ತೆ ಹತ್ತಿಕೊಂಡು ನೆಟ್ ಬರೋಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಸರಿಯಾಗಿ ಆಲ್-ಇನ್ ಹೊತ್ತಿಗೇ, ಅಂದರೆ ಆಟಗಾರ ಇರೋದೆಲ್ಲಾ ಪಣಕ್ಕಿಡೋ ಹೊತ್ತಿಗೇ ಹೀಗಾದರೆ ಮಾವ ರಿಮೋಟ್ ಸೋಫಾ ಮೇಲೆ ಬಿಸಾಕಿ ಎದ್ದು ಹೋಗುತ್ತಿದ್ದರು. ಕುಶಾಲನಗರದ ಒಂದು ಅಂಗಡಿಯಲ್ಲಿ ರೌಟರ್‌ಗೆ ಅಂತಲೇ ಇರೋ ಪುಟ್ಟ ಯುಪಿಎಸ್ ಸಿಕ್ಕಿತು. ಅಂಗೈ ಅಗಲ ಇದೆ. ತಗೊಳ್ಳೋ ಮೊದಲು ನಿಮ್ಮ ರೌಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದೆಯಾ, 9 ವೋಲ್ಟ್ ಅಂತ ಇದೆಯಾ ಓದಿಕೊಂಡು ಹೋಗಿ. ಫೈಬರ್ ಎಳೆಗೆ ಕರೆಂಟ್ ಬೇಕಿಲ್ಲ. ಎಳೆ ತುಂಡಾಗದೆ ಇದ್ದು, ಆ ತುದಿಯವರ ಕಡೆ ವಿದ್ಯುತ್ ಇದ್ದರೆ ಕತ್ತಲಲ್ಲೂ ನೆಟ್ ಇರುತ್ತೆ. ಗುಡುಗು ಸಿಡಿಲು ಬಂದರೆ ಮಾತ್ರ ಯಾವ ಆಟವೂ ಬೇಡ, ಎಲ್ಲಾ ಪ್ಲಗ್ ಕಿತ್ತುಬಿಡಿ.

ಫೈಬರ್ ಇಲ್ಲದವರು ಫೋನಿನ ಡೇಟಾದಲ್ಲಿ ನೋಡಬಹುದು. ಯೂಟ್ಯೂಬಿನ ಸೆಟ್ಟಿಂಗ್‌ನಲ್ಲಿ 480ಪಿ ಇಟ್ಟುಕೊಳ್ಳಿ. ನನ್ನ ಫೋನಿನಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ಹೋಗುತ್ತೆ, ಎಲೆಗಳೂ ಓದೋ ಹಾಗೆ ಕಾಣುತ್ತವೆ. ಅದಕ್ಕಿಂತ ಕೆಳಗೆ ಇಳಿಸಬೇಡಿ, ಆರು ಯಾವುದು ಎಂಟು ಯಾವುದು ಅಂತ ಗೊತ್ತಾಗಲ್ಲ. ಪಂದ್ಯ ಮುಗಿದ ಮೇಲಿನ ವಿಡಿಯೋಗಳಿಗೆ ಡೌನ್‌ಲೋಡ್ ಬಟನ್ ಕಂಡರೆ ಇನ್ನೂ ಒಳ್ಳೇದು. ಸಂತೆಗೆ ಹೋದಾಗ ಸಿಗ್ನಲ್ ಇರೋ ಕಡೆ ಇಳಿಸಿಕೊಂಡು ಬಂದು ಮನೆಯಲ್ಲಿ ನಿಧಾನಕ್ಕೆ ನೋಡಿ.

ರಾತ್ರಿ ಎದ್ದು ನೋಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಪೋಕರ್‌ನಲ್ಲಿ ಲೈವ್ ಅಂದರೂ ಅದು ನಿಜವಾದ ಲೈವ್ ಅಲ್ಲ. ಆಟಗಾರರ ಕೈಯಲ್ಲಿರೋ ಎಲೆ ನಮಗೆ ಕಾಣುತ್ತೆ, ಅಲ್ವಾ? ಅದು ಹೊರಗಿನಿಂದ ಮೇಜಿಗೆ ತಲುಪಿದರೆ ಮೋಸಕ್ಕೆ ದಾರಿ. ಹಾಗಾಗಿ ಬೇಕೆಂದೇ ತಡಮಾಡಿ ಬಿಡುತ್ತಾರೆ. ಹೇಗೂ ತಡವಾಗಿರೋದನ್ನು ನಿದ್ದೆಗೆಟ್ಟು ನೋಡೋದರಲ್ಲಿ ಏನಿದೆ? ಯೂಟ್ಯೂಬ್ ಲೈವ್‌ನ ಕೆಳಗಿನ ಕೆಂಪು ಗೆರೆಯನ್ನು ಬೆರಳಲ್ಲಿ ಹಿಂದಕ್ಕೆ ಎಳೆದರೆ ಶುರುವಿನಿಂದ ನೋಡಬಹುದು, ಹನ್ನೆರಡು ಗಂಟೆ ತನಕ ಹಿಂದೆ ಹೋಗುತ್ತೆ. ನಾವು ಬೆಳಗ್ಗೆ ಆರಕ್ಕೆ ಏಳುತ್ತೇವೆ. ಒಲೆ ಮೇಲೆ ಬೆಲ್ಲದ ಕಾಫಿ ಇಟ್ಟು, ಟಿವಿ ಹಾಕಿ, ಗೆರೆಯನ್ನು ಮೊದಲಿಗೆ ಎಳೆಯುತ್ತೇನೆ. ಮಳೆಗೆ ತೋಟದ ಕೆಲಸ ಹೇಗೂ ತಡ. ತಿಂಡಿಗೆ ನೂಪುಟ್ಟು ಒತ್ತೋ ಹೊತ್ತಿಗೆ ಮೇಜಿನಲ್ಲಿ ಇಬ್ಬರು ಕಮ್ಮಿಯಾಗಿರುತ್ತಾರೆ.

ಹೀಗೆ ನೋಡೋರಿಗೆ ದೊಡ್ಡ ಶತ್ರು ಅಂದರೆ ಮೊದಲೇ ಫಲಿತಾಂಶ ಗೊತ್ತಾಗಿಬಿಡೋದು. ಅದಕ್ಕೇ ಗಂಟೆ ಗುರುತು ಮುಟ್ಟಬೇಡಿ ಅಂದೆ. ನೋಟಿಫಿಕೇಶನ್‌ನಲ್ಲೇ ಗೆದ್ದವರ ಹೆಸರು ಬಂದುಬಿಡುತ್ತೆ. ವಿಡಿಯೋದ ಮೇಲಿನ ಚಿತ್ರದಲ್ಲೇ ಗೆದ್ದವರು ಬ್ರೇಸ್‌ಲೆಟ್ ಹಿಡಿದು ನಿಂತಿರುತ್ತಾರೆ. ನಾನು ಹಿಂದಿನ ರಾತ್ರಿಯೇ ಆ ಲೈವ್‌ನ ಕೊಂಡಿಯನ್ನು ವಾಚ್ ಲೇಟರ್‌ಗೆ ಹಾಕಿಟ್ಟು, ಬೆಳಗ್ಗೆ ನೇರ ಅಲ್ಲಿಗೇ ಹೋಗುತ್ತೇನೆ. ಮುಖಪುಟ ತೆಗೆಯೋದೇ ಇಲ್ಲ. ಓದಿ ತಿಳಿದುಕೊಂಡರೆ ಸಾಕು ಅನ್ನೋರಿಗೆ ಪೋಕರ್‌ನ್ಯೂಸ್ ವೆಬ್‌ಸೈಟ್ ಇದೆ. ಯಾರ ಹತ್ತಿರ ಎಷ್ಟು ಚಿಪ್, ಯಾರು ಹೊರಗೆ ಹೋದರು ಅಂತ ಗಳಿಗೆ ಗಳಿಗೆಗೂ ಬರೆಯುತ್ತಾ ಇರುತ್ತಾರೆ. ನೆಟ್ ತೀರಾ ನಿಧಾನ ಇದ್ದ ದಿನ ನಾನು ಅದನ್ನೇ ಮಾವನಿಗೆ ಓದಿ ಹೇಳುತ್ತೇನೆ.

ಇನ್ನು ಪರದೆ ಓದೋದು. ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಇದು ಗೊತ್ತಾಗದೆ ಹೋದರೆ ಹತ್ತು ನಿಮಿಷಕ್ಕೆ ಬೇಜಾರಾಗಿ ಚಾನೆಲ್ ಬದಲಿಸುತ್ತೀರಿ. ಆಟದ ಹೆಸರು ನೋ-ಲಿಮಿಟ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಾಕುತ್ತಾರೆ. ಮೇಜಿನ ಮಧ್ಯೆ ಐದು ಎಲೆ ತೆರೆಯುತ್ತಾರೆ. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಒಂದು, ಅದು ರಿವರ್. ಕೈಯ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದ ಹಾಗೆ. ನಡುನಡುವೆ ಹಣ ಕಟ್ಟುತ್ತಾ, ಏರಿಸುತ್ತಾ ಹೋಗುತ್ತಾರೆ. ಮೂರೆಲೆ ಆಟದಲ್ಲಿ ನಾವು ಪ್ಯಾಕ್ ಅನ್ನೋದನ್ನು ಇವರು ಫೋಲ್ಡ್ ಅನ್ನುತ್ತಾರೆ. ಇರೋದೆಲ್ಲಾ ಮುಂದಕ್ಕೆ ತಳ್ಳಿದರೆ ಆಲ್-ಇನ್. ಮೇನ್ ಇವೆಂಟ್‌ನಲ್ಲಿ ಎಲ್ಲರೂ ಶುರು ಮಾಡೋದು 60,000 ಚಿಪ್‌ನಿಂದ. ಚಿಪ್ ಅಂದರೆ ಹಣ ಅಲ್ಲ, ಅಂಕ ಅಂದುಕೊಳ್ಳಿ. ಖಾಲಿಯಾದರೆ ಹೊರಗೆ.

ಪರದೆಯಲ್ಲಿ ಹೆಸರಿನ ಪಕ್ಕ ಎರಡು ಎಲೆ, ಚಿಪ್ ಸಂಖ್ಯೆ, ಆಮೇಲೆ ಗೆಲ್ಲೋ ಸಾಧ್ಯತೆ ಎಷ್ಟು ಅನ್ನೋ ಒಂದು ಶೇಕಡಾ ಲೆಕ್ಕ ಇರುತ್ತೆ. ಮೇಜಿನಲ್ಲಿ ಎಲೆ ಹೀಗೆ ಕಾಣೋದಕ್ಕೆ ಕಾರಣ ಹೆನ್ರಿ ಓರೆನ್‌ಸ್ಟೀನ್ ಅನ್ನೋ ಆಟಿಕೆ ತಯಾರಕ. ಪೋಲೆಂಡ್‌ನಲ್ಲಿ ಹುಟ್ಟಿ, ನಾಜಿಗಳ ಶಿಬಿರಗಳಿಂದ ಬದುಕಿ ಬಂದವರು. ಮುಚ್ಚಿದ ಎಲೆ ನೋಡುಗರಿಗೆ ಕಾಣೋ ಹಾಗೆ ಕ್ಯಾಮೆರಾ ಇಡೋ ಏರ್ಪಾಟಿಗೆ 1995ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಟಿವಿಯಲ್ಲಿ ಪೋಕರ್ ಅಂದರೆ ಸುಮ್ನೆ ಕೂತ ಮುಖಗಳನ್ನು ನೋಡೋದಷ್ಟೇ.

ಆ ಶೇಕಡಾ ಎಲ್ಲಿಂದ ಬರುತ್ತೆ ಅಂತ ಮಾವ ಪಟ್ಟು ಹಿಡಿದು ಕೇಳಿದರು. 2003ರ ಫೈನಲ್‌ನ ಒಂದು ಕೈ, ಅಂದರೆ ಒಂದು ಸುತ್ತಿನ ಆಟದ ವಿಡಿಯೋ ಹಾಕಿ ತೋರಿಸಿದೆ. ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತೆ, ನೀವೂ ಅದರಿಂದಲೇ ಶುರು ಮಾಡಿ. ಉಳಿದವರು ಇಬ್ಬರೇ. ಒಬ್ಬರು ಕ್ರಿಸ್ ಮನಿಮೇಕರ್, ಟೆನ್ನೆಸ್ಸಿಯ ಅಕೌಂಟೆಂಟ್. ಆನ್‌ಲೈನ್‌ನಲ್ಲಿ ಸಣ್ಣ ಪಂದ್ಯ ಗೆದ್ದು ಬಂದವರು. ಎದುರಿಗೆ ಸ್ಯಾಮ್ ಫರ್ಹಾ, ಪಳಗಿದ ಕೈ. ಮನಿಮೇಕರ್ ಹತ್ತಿರ ಇಸ್ಪೀಟ್ ರಾಜ, ಆಟೀನ್ ಏಳು. ಫರ್ಹಾ ಹತ್ತಿರ ಇಸ್ಪೀಟ್ ರಾಣಿ, ಆಟೀನ್ ಒಂಬತ್ತು. ಮೇಜಿನ ಮೇಲೆ ಇಸ್ಪೀಟ್ ಒಂಬತ್ತು, ಡೈಮನ್ ಎರಡು, ಇಸ್ಪೀಟ್ ಆರು, ಆಮೇಲೆ ಟರ್ನ್‌ಗೆ ಇಸ್ಪೀಟ್ ಎಂಟು. ಈಗ ಫರ್ಹಾ ಮುಂದೆ ಇದ್ದಾರೆ, ಒಂಬತ್ತರ ಜೋಡಿ ಆಗಿದೆ. ಮನಿಮೇಕರ್ ಕೈಯಲ್ಲಿ ಏನೂ ಆಗಿಲ್ಲ.

ಇಲ್ಲಿ ನಿಲ್ಲಿಸು ಅಂದರು ಮಾವ. ಕನ್ನಡಕ ಹಾಕಿಕೊಂಡು, ನಮ್ಮ ಹಳೇ ಪ್ಯಾಕ್ ತಂದು, ಆ ಎಂಟು ಎಲೆ ತೆಗೆದು ಟೀಪಾಯಿ ಮೇಲೆ ಇಟ್ಟರು. ಉಳಿದದ್ದು 44. ಮನಿಮೇಕರ್‌ಗೆ ಸಹಾಯ ಮಾಡೋ ಎಲೆಗಳನ್ನು ಒಂದೊಂದಾಗಿ ಆರಿಸಿದರು. ಯಾವ ಇಸ್ಪೀಟ್ ಬಂದರೂ ಇಬ್ಬರಿಗೂ ಐದು ಇಸ್ಪೀಟ್ ಆಗುತ್ತೆ, ಆದರೆ ರಾಜ ಇರೋದು ಮನಿಮೇಕರ್ ಹತ್ತಿರ. ಅದು ಎಂಟು ಎಲೆ. ಇಸ್ಪೀಟ್ ಅಲ್ಲದ ಹತ್ತು ಅಥವಾ ಐದು ಬಂದರೆ ಸಾಲಾಗಿ ಐದು ಎಲೆ ಆಗುತ್ತೆ. ಅದು ಆರು. ಇನ್ನೊಂದು ರಾಜ ಬಂದರೆ ದೊಡ್ಡ ಜೋಡಿ. ಅದು ಮೂರು. ಒಟ್ಟು 17. ನಲವತ್ತನಾಲ್ಕರಲ್ಲಿ ಹದಿನೇಳು ಅಂದರೆ ಶೇ. 39ರ ಹತ್ತಿರ. ಆ ದಿನದಿಂದ ಮಾವನಿಗೆ ಶೇಕಡಾ ನೋಡಿದರೆ ಟೀಪಾಯಿ ಮೇಲಿನ ಎಲೆಗಳೇ ಕಣ್ಣಿಗೆ ಬರುತ್ತವೆ. ನೀವೂ ಒಂದು ಪ್ಯಾಕ್ ಪಕ್ಕದಲ್ಲಿ ಇಟ್ಟುಕೊಂಡು ನೋಡಿ.

ಕೊನೆಯ ಎಲೆ ಆಟೀನ್ ಮೂರು. ಯಾವುದಕ್ಕೂ ಬರಲಿಲ್ಲ. ಆದರೂ ಮನಿಮೇಕರ್ ಎಲ್ಲಾ ಚಿಪ್ ಮುಂದೆ ತಳ್ಳಿ, ಕೈ ಬಾಯಿಗೆ ಅಡ್ಡ ಇಟ್ಟು ಕೂತರು. ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟುಬಿಟ್ಟರು. ಮಾವ ಸೋಫಾದಿಂದ ಎದ್ದೇಬಿಟ್ಟರು. "ಒಂಬತ್ತನ್ನು ಬಿಟ್ಟನಲ್ಲಮ್ಮಾ!" ಇಪ್ಪತ್ತೆಂಟು ಆಡಿದವರಿಗೆ ಗೊತ್ತು, ಅದರಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದೇ. ಒಂಬತ್ತು ಕೈಯಲ್ಲಿದ್ದರೆ ಸುಲಭಕ್ಕೆ ಬಿಡಲ್ಲ. ಮುಂದೆ ಪಂದ್ಯವನ್ನೇ ಗೆದ್ದ ಮನಿಮೇಕರ್‌ಗೆ 25 ಲಕ್ಷ ಡಾಲರ್ ಸಿಕ್ಕಿತು. ಆ ವರ್ಷ ಆಡಿದವರು 839 ಜನ. ಟಿವಿಯಲ್ಲಿ ಇದನ್ನು ನೋಡಿದ ಎಷ್ಟೋ ಸಾಮಾನ್ಯರಿಗೆ ತಾವೂ ಕೂರಬಹುದು ಅನ್ನಿಸಿ, ಮುಂದಿನ ವರ್ಷಗಳಲ್ಲಿ ಸಂಖ್ಯೆ ಸಾವಿರ ಸಾವಿರ ಏರಿತು.

ಹಾಗಾಗಿ ಗೆದ್ದ ಕೈಗಿಂತ ಬಿಟ್ಟ ಕೈಯನ್ನು ಜಾಸ್ತಿ ಗಮನಿಸಿ ಅಂತ ನನ್ನ ಸಲಹೆ. ಯಾರು ಯಾವ ಎಲೆ ಬಿಟ್ಟರು, ಎಷ್ಟು ಹೊತ್ತು ಯೋಚಿಸಿ ಬಿಟ್ಟರು. ಈ ಆಟದ ಸೊಗಸೆಲ್ಲಾ ಅಲ್ಲಿದೆ. ಬರೀ ಮುಖ್ಯಾಂಶಗಳ ವಿಡಿಯೋದಲ್ಲಿ ಅದನ್ನೆಲ್ಲಾ ಕತ್ತರಿಸಿಬಿಟ್ಟಿರುತ್ತಾರೆ. ದಿನಕ್ಕೆ ಎರಡು ಗಂಟೆ ನೋಡಿದರೂ ಸಾಕು, ಪೂರ್ತಿ ಆಟವನ್ನೇ ನೋಡಿ. ವಿವರಣೆ ಇಂಗ್ಲಿಷ್‌ನಲ್ಲಿ ವೇಗವಾಗಿ ಹೋಗುತ್ತೆ ಅನಿಸಿದರೆ ಸಿಸಿ ಬಟನ್ ಒತ್ತಿ, ಕೆಳಗೆ ಅಕ್ಷರ ಬರುತ್ತೆ.

ಯಾರ ಪರ ಕೂರೋದು ಅನ್ನೋರಿಗೆ ನಮ್ಮ ದೇಶದವರೂ ಇದ್ದಾರೆ. 2017ರಲ್ಲಿ ನಿಪುಣ್ ಜಾವಾ, ಆದಿತ್ಯ ಸುಶಾಂತ್ ಜೊತೆಯಾಗಿ ಆಡೋ ಪಂದ್ಯದಲ್ಲಿ ಬ್ರೇಸ್‌ಲೆಟ್ ತಂದರು. 2018ರಲ್ಲಿ ನಿಕಿತಾ ಲೂಥರ್. 2024ರಲ್ಲಿ ಸಂತೋಷ್ ಸುವರ್ಣ ಅವರು 2,50,000 ಡಾಲರ್ ಕಟ್ಟಿ ಕೂರೋ ಪಂದ್ಯ ಗೆದ್ದು 54 ಲಕ್ಷ ಡಾಲರ್ ಪಡೆದರು. ಸುವರ್ಣ ಅಂತ ಕೇಳಿದ ಕೂಡಲೇ ಮಾವನಿಗೆ ಕರಾವಳಿ ನೆನಪಾಗಿ, "ನಮ್ಮ ಕಡೆ ಹೆಸರು" ಅಂತ ಖುಷಿಪಟ್ಟರು. 2025ರ ಮೇನ್ ಇವೆಂಟ್ ಅನ್ನೂ ಹುಡುಕಿ ನೋಡಿ. ಮೈಕೆಲ್ ಮಿಝ್ರಾಚಿ ಅದೇ ಬೇಸಿಗೆಯಲ್ಲಿ 50,000 ಡಾಲರ್‌ನ ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಅನ್ನು ನಾಲ್ಕನೇ ಸಲ ಗೆದ್ದು, ಆಮೇಲೆ ಇದನ್ನೂ ಗೆದ್ದರು. ಬಹುಮಾನ ಒಂದು ಕೋಟಿ ಡಾಲರ್.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನೋಡೋದು ಬೇರೆ, ಫೋನಿನಲ್ಲಿ ಹಣ ಕಟ್ಟಿ ಆಡೋದು ಬೇರೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಹಣದ ಆನ್‌ಲೈನ್ ಆಟಗಳನ್ನು ನಡೆಸೋದನ್ನೂ, ಅದರ ಜಾಹೀರಾತನ್ನೂ ನಿಷೇಧಿಸಿದೆ. ಆದರೂ ವಿಡಿಯೋ ಕೆಳಗೆ, ಮಾತುಕತೆಯ ಸಾಲಿನಲ್ಲಿ ಯಾವ್ಯಾವುದೋ ಕೊಂಡಿ ಹಾಕುತ್ತಾರೆ. ಒತ್ತಬೇಡಿ. ನಮ್ಮ ಪಕ್ಕದ ತೋಟದ ಹುಡುಗನೊಬ್ಬ ಒಂದು ಕೊಯ್ಲಿನ ಸಂಬಳ ಪೂರ್ತಿ ಹೀಗೆ ಕಳೆದುಕೊಂಡ. ಅವನ ತಾಯಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡೋದಾದರೆ ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಪಣಕ್ಕೆ ಹುಣಸೆ ಬೀಜ ಇಡುತ್ತೇವೆ. ಮಾವನ ಡಬ್ಬಿಯಲ್ಲಿ ಈಗ 140 ಇವೆ, ನನ್ನ ಮಗಳದ್ದು 60.

ಫೈನಲ್ ಟೇಬಲ್ ಜುಲೈ ಮಧ್ಯಕ್ಕೆ ಮುಗಿದರೆ ಇಲ್ಲಿ ಕೊಡವರ ಕಕ್ಕಡ ತಿಂಗಳು ಶುರು. ಮಳೆ ಇನ್ನೂ ಒಂದೂವರೆ ತಿಂಗಳು ಬಾಕಿ ಇರುತ್ತೆ, ಮಾವ "ಇನ್ನು ಏನಿದೆ?" ಅಂತ ಕೇಳೋಕೆ ಶುರು ಮಾಡುತ್ತಾರೆ. ಅದಕ್ಕೆ ಯುರೋಪಿಯನ್ ಪೋಕರ್ ಟೂರ್ ಇದೆ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಸ್ಪೇನ್‌ನ ಬಾರ್ಸಿಲೋನಾದಲ್ಲಿ ನಡೆಯುತ್ತೆ, ಪೋಕರ್‌ಸ್ಟಾರ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ತೋರಿಸುತ್ತಾರೆ. ಇದಕ್ಕೆ ಬೆಳಗಿನ ಜಾವ ಏಳೋದೂ ಬೇಕಿಲ್ಲ, ಗೆರೆ ಎಳೆಯೋದೂ ಬೇಕಿಲ್ಲ. ಚೀಟಿಯಲ್ಲಿ ಮೂರನೇ ಸಾಲು ಬರೆದುಕೊಳ್ಳಿ. ಬಾರ್ಸಿಲೋನಾದಲ್ಲಿ ಮಧ್ಯಾಹ್ನ 12, ಇಲ್ಲಿ 3.30. ಸಂಜೆಯ ಕಾಫಿ ಹೊತ್ತಿಗೆ ಸರಿಯಾಗುತ್ತೆ.